ಪಿಷ್ಟ ತುಂಬಲು ದಿನ ಬೇಕು: ಕುಫ್ರಿ ಚಿಪ್ಸೋನಾ-4 ಬೆಳೆಯುವವರಿಗೆ

ಆಲೂಗಡ್ಡೆಯ ಗಾತ್ರ, ಸಿಪ್ಪೆಯ ಹೊಳಪು, ಕಣ್ಣಿನ ಆಳ, ಮಂಡಿಯಲ್ಲಿ ಯಾವ ಮಾಲಿಗೆ ಯಾವ ದರ ಸಿಗುತ್ತದೆ ಎಂಬ ಲೆಕ್ಕ, ಇವನ್ನೆಲ್ಲ ಹಾಸನ ಸೀಮೆಯ ಬೆಳೆಗಾರರಾದ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಗಡ್ಡೆಯ ಒಳಗೆ ಪಿಷ್ಟ ಎಷ್ಟಿದೆ ಎಂಬುದನ್ನು ಮಂಡಿಯಲ್ಲಿ ಯಾರೂ ನೋಡುವುದಿಲ್ಲ, ಹೊಲದಲ್ಲಿ ನಾವೂ ಅಳೆಯುವುದಿಲ್ಲ. ಈ ದಿನ ನಾನು ಮಾತನಾಡಬೇಕೆಂದಿರುವುದು ಆ ಒಳಗಿನ ಸಂಗತಿಯ ಬಗ್ಗೆ, ಮತ್ತು ಅದಕ್ಕೆ ಹೆಸರಾದ ಕುಫ್ರಿ ಚಿಪ್ಸೋನಾ-4 ಎಂಬ ತಳಿಯ ಬಗ್ಗೆ. ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪಿಷ್ಟ ತುಂಬಿಕೊಳ್ಳುವ ಶಕ್ತಿಯನ್ನಷ್ಟೇ ತಳಿ ಕೊಡುತ್ತದೆ. ತುಂಬಿಸುವುದು ಹೊಲದಲ್ಲಿ ಎಲೆ ಹಸಿರಾಗಿ ಉಳಿಯುವ ದಿನಗಳು. ನಮ್ಮಲ್ಲಿ ರೂಢಿಯಲ್ಲಿರುವ ಕುಫ್ರಿ ಜ್ಯೋತಿ ತಳಿಯನ್ನು ಕೀಳುವ ಅವಸರದಲ್ಲೇ ಈ ತಳಿಯನ್ನೂ ಕಿತ್ತರೆ, ಬಿತ್ತನೆಗೆ ಹೆಚ್ಚು ಹಣ ಕೊಟ್ಟು ತಂದದ್ದು ವ್ಯರ್ಥವಾಗುತ್ತದೆ.

ಒಳಗಿನ ಲೆಕ್ಕದಿಂದ ಆರಂಭಿಸೋಣ. ನೂರು ಕಿಲೋ ಆಲೂಗಡ್ಡೆಯಲ್ಲಿ ಹೆಚ್ಚುಕಡಿಮೆ ಎಂಬತ್ತು ಕಿಲೋ ನೀರು. ಆ ನೀರನ್ನೆಲ್ಲ ಆರಿಸಿದರೆ ಉಳಿಯುವುದಕ್ಕೆ ಒಣ ಅಂಶ ಎನ್ನುತ್ತೇವೆ. ಅದರ ಮೂರರಲ್ಲಿ ಎರಡು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಪಿಷ್ಟವೇ. ಒಣ ಅಂಶ ಶೇಕಡ 16 ಇರುವ ಗಡ್ಡೆಗೂ 21 ಇರುವ ಗಡ್ಡೆಗೂ ವ್ಯತ್ಯಾಸ ಐದೇ ಅಂಕಿ ಎಂದು ತೋರಬಹುದು. ಲೆಕ್ಕ ಹಾಕಿ ನೋಡಿ. ಒಂದು ಹೊಲದಲ್ಲಿ ಶೇಕಡ 16ರ ಗಡ್ಡೆ 80 ಕ್ವಿಂಟಾಲ್ ಬಂತು ಎಂದುಕೊಂಡರೆ ಅದರಲ್ಲಿ ನಿಜವಾದ ಆಹಾರ 12.8 ಕ್ವಿಂಟಾಲ್. ಪಕ್ಕದ ಹೊಲದಲ್ಲಿ ಶೇಕಡ 21ರ ಗಡ್ಡೆ 70 ಕ್ವಿಂಟಾಲ್ ಮಾತ್ರ ಬಂದರೂ ಅದರಲ್ಲಿರುವುದು 14.7 ಕ್ವಿಂಟಾಲ್. ತೂಕದಲ್ಲಿ ಹಿಂದೆ ಬಿದ್ದ ಹೊಲವೇ ಹೆಚ್ಚು ಬೆಳೆದಿದೆ. ಮಂಡಿ ಇದನ್ನು ಗಣಿಸುವುದಿಲ್ಲ ಎಂಬುದು ನನಗೂ ಗೊತ್ತು, ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಪಿಷ್ಟ ಹೆಚ್ಚಿದ್ದರೆ ಅಡುಗೆಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಬೆಳೆಯುವವರೂ ತಿಳಿದಿರಬೇಕು, ಏಕೆಂದರೆ ಕೊಳ್ಳುವವರ ದೂರು ಕೊನೆಗೆ ಬರುವುದು ನಿಮ್ಮಲ್ಲಿಗೇ. ಗಡ್ಡೆಯನ್ನು ಬೇಯಿಸಿದಾಗ ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜೀವಕೋಶಗಳೊಳಗಿನ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಪಿಷ್ಟ ತುಂಬಿರುವ ಜೀವಕೋಶ ಉಬ್ಬಿ ದುಂಡಗಾಗಿ ಪಕ್ಕದ ಕೋಶದಿಂದ ಬಿಡಿಸಿಕೊಳ್ಳುತ್ತದೆ. ಕೋಶಗಳನ್ನು ಒಂದಕ್ಕೊಂದು ಅಂಟಿಸಿದ್ದ ಪೆಕ್ಟಿನ್ ಕೂಡ ಅದೇ ಹೊತ್ತಿಗೆ ಕರಗುತ್ತಿರುತ್ತದೆ. ಆದ್ದರಿಂದ ಅಂಥ ಗಡ್ಡೆ ಬೆಂದ ಮೇಲೆ ಬಿರಿದು ಹಿಟ್ಟುಹಿಟ್ಟಾಗುತ್ತದೆ, ಕೈಯಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಿಷ್ಟ ಕಡಿಮೆಯಿರುವ ಗಡ್ಡೆಯಲ್ಲಿ ಕೋಶಗಳು ಒಟ್ಟಿಗೇ ನಿಂತು, ಹೋಳು ಹೋಳಾಗಿಯೇ ಉಳಿದು, ತುಸು ಮೇಣದಂಥ ನುಣುಪನ್ನು ತೋರಿಸುತ್ತದೆ. ಮಸಾಲೆ ದೋಸೆಯ ಪಲ್ಯ, ಆಲೂ ಬೋಂಡಾ, ಪರೋಟದ ಹೂರಣ ಇವಕ್ಕೆ ಮೊದಲನೆಯದು ಬೇಕು. ಬಿಸಿ ಎಣ್ಣೆಗೆ ಬಿಡುವ ಚಿಪ್ಸಿಗಂತೂ ಅದೇ ಬೇಕು. ನೀರು ಕಡಿಮೆಯಿದ್ದಷ್ಟೂ ಎಣ್ಣೆ ಹೀರುವುದು ಕಡಿಮೆ. ಸಾಗು, ಹುಳಿ, ಕೂಟು ಇವುಗಳಲ್ಲಿ ಹೋಳು ಉಳಿಯಬೇಕಾದಾಗ ಎರಡನೆಯದೇ ವಾಸಿ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಮಾತು ಹೇಳುತ್ತೇನೆ. ಪಿಷ್ಟದ ಗಡ್ಡೆ ಹುಳಿಯಲ್ಲಿ ಕರಗಿಹೋಗುತ್ತದೆ ಎಂದು ಮನೆಯಲ್ಲಿ ಬೇಸರಪಟ್ಟುಕೊಂಡರೆ, ಹುಣಸೆ ರಸವನ್ನು ಸ್ವಲ್ಪ ಮುಂಚೆಯೇ ಹಾಕಲು ಹೇಳಿ. ಹುಳಿ ಇರುವ ನೀರಿನಲ್ಲಿ ಪೆಕ್ಟಿನ್ ನಿಧಾನವಾಗಿ ಕರಗುತ್ತದೆ, ಹೋಳು ತಡೆದುಕೊಳ್ಳುತ್ತದೆ. ಆಲೂಗಡ್ಡೆ ಬೇಯುವ ಮೊದಲೇ ಹುಣಸೆ ಹಾಕಿದರೆ ಅದು ಬೇಗ ಮೆತ್ತಗಾಗುವುದಿಲ್ಲ ಎಂದು ನಮ್ಮ ಅಡುಗೆಯವರು ಬಹಳ ಹಿಂದಿನಿಂದ ತಿಳಿದಿರುವುದರ ಹಿಂದಿನ ಕಾರಣ ಇದೇ. ತಳಿಯೊಂದು ಎಲ್ಲ ಅಡುಗೆಗೂ ಒಗ್ಗಬೇಕೆಂದೇನೂ ಇಲ್ಲ, ಆದರೆ ಅದರ ಸ್ವಭಾವವನ್ನು ಮಾರುವವರು ಹೇಳಿ ಮಾರಬೇಕು.

ಈಗ ತಳಿಯ ಹಿನ್ನೆಲೆ. ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಟ್ನಾದಲ್ಲಿ ಆರಂಭವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಆಲೂಗಡ್ಡೆ ಚೆನ್ನಾಗಿ ಹೂಬಿಟ್ಟು ಕಾಯಿ ಕಟ್ಟಲು ಉದ್ದನೆಯ ಹಗಲು, ತಂಪು ಹವೆ ಎರಡೂ ಬೇಕಾದ್ದರಿಂದ ಸಂಕರದ ಕೆಲಸ ಶಿಮ್ಲಾ ಬಳಿಯ ಕುಫ್ರಿ ಬೆಟ್ಟದಲ್ಲಿ ನಡೆಯುತ್ತದೆ. ಅಲ್ಲಿಂದ 1968ರಲ್ಲಿ ಬಂದ ಕುಫ್ರಿ ಜ್ಯೋತಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಬೇರೂರಿತೆಂದರೆ, ಇಲ್ಲಿ ಆಲೂಗಡ್ಡೆ ಎಂದರೆ ಜ್ಯೋತಿಯೇ ಎನ್ನುವಂತಾಯಿತು. ಬಂದ ಕಾಲಕ್ಕೆ ಅದು ಎಲೆ ಸುಡುವ ಅಂಗಮಾರಿ ರೋಗವನ್ನು ತಡೆಯುತ್ತಿತ್ತು. ರೋಗದ ಹೊಸ ಪ್ರಭೇದಗಳು ಹುಟ್ಟಿಕೊಂಡ ಮೇಲೆ ಆ ಶಕ್ತಿ ಹೋಯಿತು. ಚಿಪ್ಸ್ ಕಾರ್ಖಾನೆಗಳು ಬಂದಾಗ ಜ್ಯೋತಿಯಲ್ಲಿ ಒಣ ಅಂಶ ಸಾಲದೆ, ಸಕ್ಕರೆ ಹೆಚ್ಚಾಗಿ, ಕರಿದದ್ದು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅದಕ್ಕಾಗಿಯೇ ಸಂಸ್ಥೆ 1998ರಲ್ಲಿ ಚಿಪ್ಸೋನಾ-1 ಮತ್ತು 2 ಎಂಬ ತಳಿಗಳನ್ನು ಹೊರತಂದಿತು. ಸಂಸ್ಕರಣೆಗೆಂದೇ ನಮ್ಮ ದೇಶದಲ್ಲಿ ರೂಪಿಸಿದ ಮೊದಲ ತಳಿಗಳು ಅವು. 2010ರಲ್ಲಿ ಬಂದ ಚಿಪ್ಸೋನಾ-4 ನಮಗೆ ಹೆಚ್ಚು ಹತ್ತಿರದ್ದು, ಏಕೆಂದರೆ ಅದನ್ನು ಶಿಫಾರಸು ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಚಿಪ್ಸಿಗಾಗಿ ರೂಪಿಸಿದ್ದಾದರೂ ಊಟದ ಆಲೂಗಡ್ಡೆಯಾಗಿ ಅದಕ್ಕಿರುವ ಯೋಗ್ಯತೆಯನ್ನು ನಾವು ಸಾಕಷ್ಟು ಬಳಸಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಚಿಪ್ಸೋನಾ-4ರ ಹೆತ್ತವರಲ್ಲಿ ಒಂದು ಅಮೆರಿಕದ ಅಟ್ಲಾಂಟಿಕ್ ತಳಿ. ಆ ಅಟ್ಲಾಂಟಿಕ್‌ನ ಒಬ್ಬ ಹೆತ್ತವರು ಲೆನಾಪೆ ಎಂಬ ಇನ್ನೊಂದು ತಳಿ. ಲೆನಾಪೆಯ ಕಥೆಯನ್ನು ಪ್ರತಿಯೊಬ್ಬ ಬೆಳೆಗಾರರೂ ಕೇಳಿರಬೇಕು. 1967ರಲ್ಲಿ ಅದು ಹೊರಬಂದಾಗ ಅಷ್ಟು ಗಟ್ಟಿಯಾದ, ಅಷ್ಟು ಚೆನ್ನಾಗಿ ಕರಿಯಲು ಬರುವ ಆಲೂಗಡ್ಡೆ ಇನ್ನೊಂದಿಲ್ಲ ಎಂದು ಎಲ್ಲರೂ ಮೆಚ್ಚಿದರು. ಬಳಿಕ ಅದರಲ್ಲಿ ಸೋಲನಿನ್ ಜಾತಿಯ ಕಹಿ ವಿಷಗಳು ಮಿತಿಮೀರಿರುವುದು ಗೊತ್ತಾಗಿ 1970ರಲ್ಲಿ ಹಿಂತೆಗೆದುಕೊಂಡರು. ನೂರು ಗ್ರಾಂ ಹಸಿ ಗಡ್ಡೆಯಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಇಂಥ ವಿಷವಿರಬಾರದು ಎಂಬುದು ಇಂದು ಎಲ್ಲೆಡೆ ಒಪ್ಪಿರುವ ಮಿತಿ. ಲೆನಾಪೆ ಅದನ್ನು ದಾಟಿತ್ತು. ತಳಿವಿಜ್ಞಾನಿಗಳು ಅದರ ಪಿಷ್ಟದ ಗುಣವನ್ನು ಉಳಿಸಿಕೊಂಡು, ಕಹಿಯನ್ನು ಬಿಟ್ಟು, ಅದರ ಸಂತಾನದಿಂದ ಅಟ್ಲಾಂಟಿಕ್‌ನಂಥ ಒಳ್ಳೆಯ ತಳಿಗಳನ್ನು ಪಡೆದರು. ಹೀಗಾಗಿ ಚಿಪ್ಸೋನಾ-4ರ ಬಗ್ಗೆ ಭಯಪಡಬೇಕಾದ್ದೇನೂ ಇಲ್ಲ. ಬಿಡುಗಡೆಗೆ ಮುನ್ನ ಇವನ್ನೆಲ್ಲ ಪರೀಕ್ಷಿಸುತ್ತಾರೆ. ಆದರೆ ಯಾವ ತಳಿಯೇ ಆಗಲಿ, ಬಿಸಿಲು ತಾಗಿ ಹಸಿರಾದ ಗಡ್ಡೆಯಲ್ಲಿ ಈ ವಿಷ ಏರುತ್ತದೆ ಎಂಬುದನ್ನು ಮರೆಯಬೇಡಿ. ಬುಡಕ್ಕೆ ಮಣ್ಣು ಏರಿಸುವುದು ಗಡ್ಡೆ ದಪ್ಪವಾಗಲೆಂದು ಮಾತ್ರ ಅಲ್ಲ. ಮುಂಗಾರಿನ ಜೋರು ಮಳೆಗೆ ಬೋದು ಕರಗಿ ಗಡ್ಡೆ ಹೊರಗೆ ಕಂಡರೆ, ಕೂಲಿಯ ಖರ್ಚಾದರೂ ಇನ್ನೊಮ್ಮೆ ಮಣ್ಣು ಏರಿಸಿ, ಹಸಿರು ಗಡ್ಡೆಯನ್ನು ಚೀಲಕ್ಕೆ ಹಾಕಬೇಡಿ.

ಈ ತಳಿಯ ಗಡ್ಡೆ ದುಂಡಗೆ, ಬಿಳಿ ಬೆರೆತ ಕೆನೆ ಬಣ್ಣದ ಸಿಪ್ಪೆ, ಆಳವಿಲ್ಲದ ಕಣ್ಣು, ಒಳಗೆ ಬಿಳಿ ತಿರುಳು. ಒಣ ಅಂಶ ಶೇಕಡ 20ರ ಮೇಲೆ, ಕರಿದಾಗ ಬಣ್ಣ ಕೆಡಿಸುವ ಸಕ್ಕರೆ ಕಡಿಮೆ. ಎಲೆ ಅಂಗಮಾರಿಯನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಬಲಿಯಲು ಬೇಕಾದದ್ದು 100ರಿಂದ 110 ದಿನ.

ನಾವು ಕೂತು ಯೋಚಿಸಬೇಕಾದದ್ದು ಈ ಕೊನೆಯ ಅಂಕಿಯನ್ನು. ಹಾಸನದ ಮುಂಗಾರು ಬೆಳೆಯಲ್ಲಿ ಜ್ಯೋತಿಯನ್ನು 80 ದಿನದ ಆಸುಪಾಸಿನಲ್ಲಿ, ದರ ಚೆನ್ನಾಗಿದ್ದರೆ ಅದಕ್ಕೂ ಮುಂಚೆ ಕಿತ್ತುಬಿಡುವ ರೂಢಿ ನಮ್ಮದು. ಅದಕ್ಕೆ ಕಾರಣಗಳಿವೆ, ನಾನು ಅಲ್ಲಗಳೆಯುವುದಿಲ್ಲ. ಜುಲೈ ಕೊನೆಗೆ ಅಂಗಮಾರಿ ಬಂದು ಎಲೆ ಸುಡುತ್ತದೆ, ಮಳೆ ಹಿಡಿದರೆ ಗಡ್ಡೆ ಕೊಳೆಯುತ್ತದೆ, ಮೊದಲು ಮಾರಿದವರಿಗೆ ದರ ಸಿಗುತ್ತದೆ, ಹಿಂದಿನಿಂದ ಹಾಕುವ ರಾಗಿಗೋ ಜೋಳಕ್ಕೋ ಹೊಲ ಬೇಕು. ಆದರೆ ಗಿಡದ ಕಡೆಯಿಂದ ನೋಡಿ. ಮೊದಲ ತಿಂಗಳು ಗಿಡ ಎಲೆ ಕಟ್ಟುತ್ತದೆ. ಎರಡನೆಯ ತಿಂಗಳಲ್ಲಿ ಗಡ್ಡೆ ಹಿಡಿದು, ಮುಖ್ಯವಾಗಿ ನೀರು ತುಂಬಿಕೊಂಡು ಗಾತ್ರ ಬರುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಗಡ್ಡೆಗಿಳಿದು ಪಿಷ್ಟವಾಗಿ ಗಟ್ಟಿಯಾಗುವುದು ಉದ್ದಕ್ಕೂ ನಡೆಯುತ್ತಿದ್ದರೂ, ಗಾತ್ರ ಬೆಳೆಯುವ ವೇಗ ತಗ್ಗಿದ ಮೇಲಿನ ವಾರಗಳಲ್ಲಿ ಒಣ ಅಂಶದ ಪಾಲು ಏರುತ್ತಾ ಹೋಗಿ, ಎಲೆ ತಾನಾಗಿ ಹಳದಿಗೆ ತಿರುಗುವ ಹೊತ್ತಿಗೆ ಗರಿಷ್ಠ ಮಟ್ಟಕ್ಕೆ ಬರುತ್ತದೆ. ಹೊರಗಿನಿಂದ ನೋಡುವವರಿಗೆ ಆ ಕೊನೆಯ ಮೂರು ವಾರದಲ್ಲಿ ಏನೂ ನಡೆಯುತ್ತಿಲ್ಲ ಎಂದೇ ಕಾಣುತ್ತದೆ, ಗಡ್ಡೆ ದೊಡ್ಡದಾಗುತ್ತಿಲ್ಲವಲ್ಲ. ತಳಿಯ ಬೆಲೆಯೆಲ್ಲ ಇರುವುದು ಆ ವಾರಗಳಲ್ಲೇ. 80 ದಿನಕ್ಕೆ ಕಿತ್ತ ಚಿಪ್ಸೋನಾ-4 ಒಳಗೆ ನೀರಾಗಿಯೇ ಇರುತ್ತದೆ, ಸಿಪ್ಪೆ ಸುಲಿಯುತ್ತದೆ, ಕೊಂಡವರು ಇದೇನು ಪಿಷ್ಟದ ತಳಿ ಎಂದು ಕೇಳುತ್ತಾರೆ. ಅವರು ಕೇಳುವುದು ಸರಿಯೇ.

ಅಂಗಮಾರಿಯನ್ನು ತಡೆಯುವ ಗುಣದ ಮಹತ್ವ ಇಲ್ಲಿ ಅರ್ಥವಾಗುತ್ತದೆ. ರೋಗ ಎಂದರೆ ಬೆಳೆ ಕೈಬಿಡುವುದು ಎಂದಷ್ಟೇ ನಾವು ಯೋಚಿಸುತ್ತೇವೆ. ಆದರೆ ಅರವತ್ತೈದನೆಯ ದಿನಕ್ಕೆ ಎಲೆ ಸುಟ್ಟ ಹೊಲದಲ್ಲಿ ಗಡ್ಡೆ ಸಿಕ್ಕಿದರೂ ಅದರಲ್ಲಿ ಪಿಷ್ಟ ತುಂಬಿರುವುದಿಲ್ಲ, ಏಕೆಂದರೆ ತುಂಬಿಸಬೇಕಾದ ಎಲೆಯೇ ಹೋಯಿತು. ನೂರನೆಯ ದಿನದವರೆಗೆ ಎಲೆಯನ್ನು ಕಾಪಾಡುವುದು ಎಂದರೆ ಪಿಷ್ಟವನ್ನು ಕಾಪಾಡುವುದು. ತಳಿಯ ತಡೆಯುವ ಶಕ್ತಿಯನ್ನು ನಂಬಿ ಸಿಂಪಡಣೆ ಬಿಡಬೇಡಿ. ಜ್ಯೋತಿಗೆ ಏನಾಯಿತೆಂದು ಈಗಷ್ಟೇ ಹೇಳಿದೆ. ರೋಗಾಣು ಬದಲಾಗುತ್ತಾ ಇರುತ್ತದೆ. ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿಯುವ ಸೂಚನೆ ಕಂಡ ಕೂಡಲೇ, ಚುಕ್ಕೆ ಕಾಣುವ ಮೊದಲೇ, ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಹೊಡೆಯಿರಿ, ಎಲೆಯ ಕೆಳಬದಿಗೂ ತಲುಪುವಂತೆ ಹೊಡೆಯಿರಿ. ಚುಕ್ಕೆ ಕಂಡ ಮೇಲೆ ಅದೊಂದೇ ಸಾಲದು. ಎಲೆಯೊಳಗೆ ಇಳಿಯುವ ಸೈಮಾಕ್ಸಾನಿಲ್‌ನಂಥ ಔಷಧ ಬೆರೆತದ್ದು ಬೇಕಾಗುತ್ತದೆ, ಮತ್ತು ಒಂದೇ ಔಷಧವನ್ನು ಮತ್ತೆ ಮತ್ತೆ ಬಳಸಬಾರದು.

ಬಿತ್ತನೆಯ ವಿಷಯಕ್ಕೆ ಬಂದರೆ, ನಮ್ಮ ಬಿತ್ತನೆ ಗಡ್ಡೆ ಬಹುಪಾಲು ಪಂಜಾಬಿನಿಂದ, ಜಲಂಧರ್ ಕಡೆಯ ಶೀತಲಗೃಹಗಳಿಂದ ಬೇಸಿಗೆಯ ಬಿಸಿಲಲ್ಲಿ ಲಾರಿಯಲ್ಲಿ ಬರುತ್ತದೆ. ಬಂದ ಕೂಡಲೇ ಚೀಲ ಬಿಚ್ಚಿ, ನೆರಳಲ್ಲಿ ಗಾಳಿಯಾಡುವಂತೆ ಹರಡಿ, ಮೊಳಕೆ ಗಿಡ್ಡಗೆ ದಪ್ಪಗೆ ಬರುವಂತೆ ಮಂದ ಬೆಳಕಿನಲ್ಲಿಡಿ. ಪ್ರಮಾಣೀಕೃತ ಬಿತ್ತನೆಯ ಚೀಟಿ ನೋಡದೆ ಹೆಸರು ಕೇಳಿ ಮಾತ್ರ ಕೊಳ್ಳಬೇಡಿ. ಬಿಳಿ ದುಂಡು ಗಡ್ಡೆಗಳೆಲ್ಲ ಕಣ್ಣಿಗೆ ಒಂದೇ ತರಹ ಕಾಣುತ್ತವೆ, ಸಂಶಯವಿದ್ದರೆ ಸೋಮನಹಳ್ಳಿ ಕಾವಲಿನ ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಕೇಳಿ. ಮುಂಗಾರಿನ ಒದ್ದೆ ಮಣ್ಣಿನಲ್ಲಿ ಕತ್ತರಿಸಿದ ಹೋಳು ಕೊಳೆಯುವ ಅಪಾಯ ಹೆಚ್ಚಾದ್ದರಿಂದ, ಸಾಧ್ಯವಾದಲ್ಲೆಲ್ಲ 30ರಿಂದ 50 ಗ್ರಾಂ ತೂಕದ ಇಡೀ ಗಡ್ಡೆಯನ್ನೇ ನೆಡಿ. ಕತ್ತರಿಸಲೇಬೇಕಾದರೆ ಒಂದು ದಿನ ನೆರಳಲ್ಲಿಟ್ಟು ಕತ್ತರಿಸಿದ ಮುಖ ಒಣಗಿ ಗಟ್ಟಿಯಾದ ಮೇಲೆ ನೆಡಿ, ಚಾಕುವನ್ನು ಆಗಾಗ ಔಷಧದ ನೀರಿನಲ್ಲಿ ಅದ್ದುತ್ತಿರಿ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಡ್ಡೆಯಿಂದ ಗಡ್ಡೆಗೆ 20 ಸೆಂಟಿಮೀಟರ್ ಎಂಬ ಅಂತರವನ್ನು ಅಗಲ ಮಾಡಬೇಡಿ. ಗಿಡ ವಿರಳವಾದರೆ ಗಡ್ಡೆ ಅತಿ ದೊಡ್ಡದಾಗಿ ನಡುವೆ ಟೊಳ್ಳಾಗುತ್ತದೆ. ಅಟ್ಲಾಂಟಿಕ್ ವಂಶಕ್ಕೆ ಆ ದೋಷ ಮೊದಲಿನಿಂದಲೂ ಇದೆ. ನೂರು ದಿನ ಬೇಕಾದ ತಳಿಯಾದ್ದರಿಂದ ಮೊದಲ ಹದ ಮಳೆಗೇ ನೆಟ್ಟುಬಿಡುವುದು ಮುಖ್ಯ. ತಡವಾದ ಪ್ರತಿ ವಾರವೂ ಕೊನೆಯ ಆ ಅಮೂಲ್ಯ ವಾರಗಳಿಂದಲೇ ಕಡಿತವಾಗುತ್ತದೆ.

ಗೊಬ್ಬರದಲ್ಲಿ ನಾವು ಹೆಚ್ಚಾಗಿ ಎಡವುವುದು ಯೂರಿಯಾದಲ್ಲಿ. ಗಿಡ ಕಪ್ಪು ಹಸಿರಾಗಿ ನಿಂತರೆ ಕಣ್ಣಿಗೆ ತೃಪ್ತಿ, ಆದರೆ ಮಣ್ಣು ಏರಿಸಿದ ಮೇಲೂ ಸಾರಜನಕ ಕೊಡುತ್ತಾ ಹೋದರೆ ಗಿಡ ಎಲೆ ಕಟ್ಟುವುದನ್ನು ನಿಲ್ಲಿಸುವುದೇ ಇಲ್ಲ. ಬಲಿಯುವುದು ಮುಂದಕ್ಕೆ ಹೋಗುತ್ತದೆ, ಕೀಳುವ ದಿನ ಬಂದಾಗ ಗಡ್ಡೆ ಹಸಿಯಾಗಿಯೇ ಇರುತ್ತದೆ. ಸಾರಜನಕವನ್ನು ನೆಡುವಾಗ ಒಂದು ಪಾಲು, ಸುಮಾರು ಒಂದು ತಿಂಗಳಿಗೆ ಮಣ್ಣು ಏರಿಸುವಾಗ ಉಳಿದ ಪಾಲು ಕೊಟ್ಟು ಅಲ್ಲಿಗೆ ನಿಲ್ಲಿಸಿ. ಪೊಟ್ಯಾಷ್ ಬೇಕೇ ಬೇಕು. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಗಡ್ಡೆಗೆ ಸಾಗಿಸುವ ಕೆಲಸದಲ್ಲಿ ಅದರ ಪಾತ್ರ ದೊಡ್ಡದು, ಏಟು ಬಿದ್ದಾಗ ಗಡ್ಡೆ ಒಳಗೆ ಕಪ್ಪಾಗುವುದನ್ನೂ ಅದು ಕಡಿಮೆ ಮಾಡುತ್ತದೆ. ಆದರೆ ನಮ್ಮಲ್ಲಿ ಸಿಗುವ ಕೆಂಪು ಪೊಟ್ಯಾಷ್, ಅಂದರೆ ಮ್ಯೂರಿಯೇಟ್, ಕ್ಲೋರೈಡ್ ರೂಪದ್ದು. ಕ್ಲೋರೈಡ್ ಹೆಚ್ಚಾದರೆ ಗಡ್ಡೆಯಲ್ಲಿ ನೀರು ಹೆಚ್ಚಿ ಒಣ ಅಂಶ ಇಳಿಯುತ್ತದೆ. ಸಲ್ಫೇಟ್ ರೂಪದ ಪೊಟ್ಯಾಷ್ ಈ ದೃಷ್ಟಿಯಿಂದ ಮೇಲು, ಬೆಲೆ ಮಾತ್ರ ಬಹಳ ಹೆಚ್ಚು. ಇಡೀ ಪೊಟ್ಯಾಷನ್ನು ಸಲ್ಫೇಟ್ ರೂಪದಲ್ಲೇ ಕೊಡಿ ಎಂದು ನಾನು ಹೇಳುವುದಿಲ್ಲ; ಮ್ಯೂರಿಯೇಟ್ ಹಾಕುವುದಾದರೆ ನೆಡುವ ಹೊತ್ತಿಗೇ ಹಾಕಿ ಮುಗಿಸಿ, ಮಳೆಗೆ ಕ್ಲೋರೈಡ್ ಕೆಳಗೆ ಇಳಿದುಹೋಗಲು ಸಮಯ ಸಿಗುತ್ತದೆ. ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆ ಹೇಳಬೇಕು, ಪಕ್ಕದ ಹೊಲದವರಲ್ಲ.

ನೀರಿನ ಬಗ್ಗೆ ಹೇಳಬೇಕಾದದ್ದನ್ನು ಒಂದು ಗಡ್ಡೆ ಕತ್ತರಿಸಿ ತೋರಿಸುವುದೇ ಸುಲಭ. ಗಡ್ಡೆಯನ್ನು ಬಳ್ಳಿಗೆ ಅಂಟಿಕೊಂಡಿದ್ದ ತುದಿಯಿಂದ ಉದ್ದಕ್ಕೆ ಸೀಳಿ ಬೆಳಕಿಗೆ ಹಿಡಿಯಿರಿ. ಚೆನ್ನಾಗಿ ಬಲಿತ ಗಡ್ಡೆಯ ತಿರುಳು ಸುಣ್ಣದಂತೆ ದಟ್ಟವಾಗಿ ಕಾಣುತ್ತದೆ. ನಡುವಿನ ಸಣ್ಣ ನಕ್ಷತ್ರಾಕಾರದ ಭಾಗ ಮಾತ್ರ ಸ್ವಲ್ಪ ನೀರಾಗಿರುತ್ತದೆ. ಕತ್ತರಿಸಿದ ಎರಡು ಮುಖಗಳನ್ನು ಒಂದಕ್ಕೊಂದು ಉಜ್ಜಿದರೆ ಬಿಳಿ ನೊರೆ ಬಂದು ಹೋಳುಗಳು ಅಂಟಿಕೊಳ್ಳುತ್ತವೆ, ಚಾಕುವಿನ ಅಲಗಿನ ಮೇಲೆ ಬಿಳಿಯ ಪದರ ಒಣಗುತ್ತದೆ. ಕೆಲವು ಗಡ್ಡೆಗಳಲ್ಲಿ ಬಳ್ಳಿಯ ಕಡೆಯ ತುದಿ ಮಾತ್ರ ಗಾಜಿನಂತೆ ಪಾರದರ್ಶಕವಾಗಿರುವುದನ್ನು ನೀವು ನೋಡಿರಬಹುದು. ಒಣ ಹವೆಯಲ್ಲಿ ಬೆಳವಣಿಗೆ ನಿಂತ ಗಡ್ಡೆ, ಮತ್ತೆ ಮಳೆ ಬಿದ್ದಾಗ ತುದಿಯಲ್ಲಿ ಹೊಸದಾಗಿ ಬೆಳೆಯಲು ತೊಡಗಿ, ಮೊದಲು ಕೂಡಿಟ್ಟಿದ್ದ ಪಿಷ್ಟವನ್ನೇ ಕರಗಿಸಿಕೊಂಡು ಬಳಸಿದ್ದರ ಗುರುತು ಅದು. ಅಂಥ ಗಡ್ಡೆಯ ಒಂದು ತುದಿ ಬೇಯುತ್ತದೆ, ಇನ್ನೊಂದು ತುದಿ ಬೇಯದೆ ಉಳಿಯುತ್ತದೆ, ಕರಿದರೆ ಆ ತುದಿ ಕಪ್ಪಾಗುತ್ತದೆ. ಮಳೆ ನಂಬಿ ಬೆಳೆಯುವ ನಮಗೆ ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಆದರೆ ಕೊಳವೆಬಾವಿಯೋ ಕೃಷಿಹೊಂಡವೋ ಇರುವವರು ಗಡ್ಡೆ ಹಿಡಿದ ಮೇಲೆ ಮಳೆ ಕೈಕೊಟ್ಟಾಗ ಒಂದೆರಡು ಬಾರಿ ತುಂತುರು ನೀರು ಕೊಟ್ಟು ಬೆಳವಣಿಗೆ ನಿಲ್ಲದಂತೆ ನೋಡಿಕೊಳ್ಳಬಹುದು. ಬಲಿಯುವ ಕೊನೆಯ ಹದಿನೈದು ದಿನ ಮಾತ್ರ ನೀರು ಕೊಡಬಾರದು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ನೀರಾವರಿಯಲ್ಲಿ ಹಿಂಗಾರು ಬೆಳೆ ತೆಗೆಯುವವರಿಗೆ ಬಿಸಿಲು ಚೆನ್ನಾಗಿ ಸಿಕ್ಕಿ ರಾತ್ರಿಯೂ ತಂಪಾಗಿರುವುದರಿಂದ ಪಿಷ್ಟ ತುಂಬಿಸುವುದು ನಮಗಿಂತ ಸುಲಭ. ಮೋಡದ ದಿನಗಳಲ್ಲಿ ಎಲೆ ತಯಾರಿಸುವುದೇ ಕಡಿಮೆ. ರಾತ್ರಿ ಸೆಖೆಯಾದರೆ ಗಿಡ ತನ್ನ ಉಸಿರಾಟಕ್ಕೇ ಅದರಲ್ಲಿ ಒಂದು ಪಾಲನ್ನು ಖರ್ಚು ಮಾಡಿಬಿಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಬಲಿತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ದಿನ ಎಣಿಸುವುದೊಂದೇ ಸಾಲದು. ತೂಗುವ ವಿಧಾನ ಬಹಳ ಸರಳ, ನೀವೇ ಮಾಡಬಹುದು. ಪಿಷ್ಟ ನೀರಿಗಿಂತ ಭಾರ, ಆದ್ದರಿಂದ ಪಿಷ್ಟ ಹೆಚ್ಚಿರುವ ಗಡ್ಡೆ ನೀರಿನಲ್ಲಿ ಮುಳುಗಿದಾಗಲೂ ಹೆಚ್ಚು ತೂಗುತ್ತದೆ. ಹೊಲದ ನಾಲ್ಕಾರು ಕಡೆ ಗಿಡ ಕಿತ್ತು, ಗಡ್ಡೆಗಳನ್ನು ಮಣ್ಣು ಹೋಗುವಂತೆ ತೊಳೆದು ಒರೆಸಿ, ಸರಿಯಾಗಿ 5 ಕಿಲೋ ತೂಗಿ ಬಲೆಚೀಲಕ್ಕೆ ಹಾಕಿ. ನೇತುಹಾಕುವ ಡಿಜಿಟಲ್ ತಕ್ಕಡಿಗೆ ಆ ಚೀಲ ಕಟ್ಟಿ, ನೀರು ತುಂಬಿದ ಡ್ರಮ್ಮಿನಲ್ಲಿ ಪೂರ್ತಿ ಮುಳುಗುವಂತೆ, ತಳಕ್ಕೂ ಪಕ್ಕಕ್ಕೂ ತಾಗದಂತೆ ಇಳಿಬಿಡಿ. ಖಾಲಿ ಬಲೆ ನೀರಿನಲ್ಲಿ ತೂಗುವುದನ್ನು ಕಳೆಯಿರಿ. ಉಳಿದದ್ದು 280 ಗ್ರಾಂ ಆದರೆ ಒಣ ಅಂಶ ಸುಮಾರು ಶೇಕಡ 16. 370 ಗ್ರಾಂ ಆದರೆ ಸುಮಾರು 20. 410 ಗ್ರಾಂ ಬಂದರೆ 22ರ ಹತ್ತಿರ. ಚಿಪ್ಸ್ ಕಂಪನಿಯವರು ನಿಮ್ಮ ಲಾರಿಯಿಂದ ಮಾದರಿ ತೆಗೆದು ಮಾಡುವ ಪರೀಕ್ಷೆಯ ಮೂಲತತ್ತ್ವವೂ ಇದೇ, ಹಾಗಾಗಿ ಲಾರಿ ಹೊರಡುವ ಮೊದಲೇ ನೀವು ತೂಗಿ ನೋಡಿರುವುದು ನಿಮಗೇ ಬಲ. ತಕ್ಕಡಿ ಇಲ್ಲದವರು 10 ಲೀಟರ್ ನೀರಿಗೆ ಒಂದೂಕಾಲು ಕಿಲೋ ಉಪ್ಪು ಕರಗಿಸಿ, ಅದರಲ್ಲಿ ಗಡ್ಡೆಗಳನ್ನು ಒಂದೊಂದಾಗಿ ಬಿಡಿ. ಮುಳುಗಿದವು ಒಣ ಅಂಶ ಹೆಚ್ಚುಕಡಿಮೆ 20 ಅಥವಾ ಅದರ ಮೇಲಿನವು, ತೇಲಿದವು ಅದಕ್ಕಿಂತ ಕಡಿಮೆಯವು. ನಡುವೆ ಟೊಳ್ಳಾದ ಗಡ್ಡೆ ಪಿಷ್ಟವಿದ್ದರೂ ತೇಲುತ್ತದೆ, ಆದ್ದರಿಂದ ತೇಲಿದವುಗಳಲ್ಲಿ ಕೆಲವನ್ನು ಸೀಳಿ ನೋಡಿ. ಎಂಬತ್ತೈದನೆಯ ದಿನಕ್ಕೊಮ್ಮೆ, ಮತ್ತೆ ವಾರಕ್ಕೊಮ್ಮೆ ಹೀಗೆ ತೂಗಿ ಬರೆದಿಟ್ಟುಕೊಂಡರೆ, ನಿಮ್ಮ ಹೊಲದಲ್ಲಿ ಆ ಕೊನೆಯ ವಾರಗಳ ಬೆಲೆ ಎಷ್ಟೆಂದು ನಾನು ಹೇಳಬೇಕಾಗುವುದಿಲ್ಲ. ಎರಡು ವಾರ ಸತತ ಅಂಕಿ ಏರದೆ ನಿಂತರೆ ಇನ್ನು ಕಾಯುವುದರಲ್ಲಿ ಅರ್ಥವಿಲ್ಲ.

ಆಮೇಲೆ ಸೊಪ್ಪು ಕೊಯ್ದು ಹೊಲದಿಂದ ಹೊರಹಾಕಿ, ಗಡ್ಡೆಯನ್ನು ಹತ್ತರಿಂದ ಹದಿನೈದು ದಿನ ಮಣ್ಣಿನಲ್ಲೇ ಬಿಡಿ. ಸೊಪ್ಪು ಕೊಯ್ದ ಮೇಲೆ ಪಿಷ್ಟ ಏರುವುದಿಲ್ಲ, ಸಿಪ್ಪೆ ಗಟ್ಟಿಯಾಗುತ್ತದೆ ಅಷ್ಟೆ. ಹೆಬ್ಬೆರಳಿನಿಂದ ಒತ್ತಿ ತಿಕ್ಕಿದರೂ ಸಿಪ್ಪೆ ಜಾರದಿದ್ದರೆ ಕೀಳಬಹುದು. ಈ ತಳಿಯನ್ನು ಜ್ಯೋತಿಗಿಂತ ಮೃದುವಾಗಿ ನಡೆಸಿಕೊಳ್ಳಬೇಕು. ಒಣ ಅಂಶ ಹೆಚ್ಚಿದಷ್ಟೂ ಗಡ್ಡೆ ಏಟಿಗೆ ಸೂಕ್ಷ್ಮ; ಎತ್ತರದಿಂದ ಲಾರಿಗೆ ಎಸೆದ ಗಡ್ಡೆ ಹೊರಗೆ ಸರಿಯಾಗಿಯೇ ಕಂಡು, ಎರಡು ದಿನದ ಮೇಲೆ ಸಿಪ್ಪೆಯ ಕೆಳಗೆ ನೀಲಿಗಪ್ಪು ಕಲೆಯಾಗಿರುತ್ತದೆ. ಚೀಲವನ್ನು ಎಸೆಯದೆ ಇಳಿಸಿ ಎಂದು ಹಮಾಲರಿಗೆ ನೀವೇ ನಿಂತು ಹೇಳಬೇಕಾಗುತ್ತದೆ. ಹೊಲದ ಬದುವಿನಲ್ಲಿ ಗಡ್ಡೆಯನ್ನು ಬಿಸಿಲಿಗೆ ಬಿಡಬಾರದು, ನೆರಳಲ್ಲಿ ರಾಶಿ ಹಾಕಿ ಒಣಹುಲ್ಲು ಮುಚ್ಚಿ ಕೆಲವು ದಿನ ಬಿಟ್ಟರೆ ಗಾಯಗಳು ಮಾಯುತ್ತವೆ.

ಉಳಿದದ್ದು ಸಂಗ್ರಹ ಮತ್ತು ದರ. ಬಿತ್ತನೆ ಗಡ್ಡೆ ಇಡುವ 2ರಿಂದ 4 ಡಿಗ್ರಿಯ ಶೀತಲಗೃಹದಲ್ಲಿ ತಿನ್ನುವ ಗಡ್ಡೆಯನ್ನು ಇಟ್ಟರೆ ಪಿಷ್ಟ ಸಕ್ಕರೆಯಾಗಿ ತಿರುಗಿ, ಪಲ್ಯ ಸಿಹಿಯಾಗುತ್ತದೆ, ಕರಿದದ್ದು ಕಂದಾಗುತ್ತದೆ. ನೂರು ದಿನ ಕಾದು ತುಂಬಿಸಿದ್ದನ್ನು ಹೀಗೆ ಕಳೆದುಕೊಳ್ಳಬಾರದು. ಇಡಲೇಬೇಕಾದರೆ 10ರಿಂದ 12 ಡಿಗ್ರಿ ಇರುವ, ಮೊಳಕೆ ತಡೆಯುವ ವ್ಯವಸ್ಥೆ ಇರುವ ಗೃಹ ಬೇಕು. ಅತಿ ತಂಪಿನಿಂದ ತೆಗೆದದ್ದನ್ನು ಎರಡು ಮೂರು ವಾರ ಸಾಧಾರಣ ಹವೆಯಲ್ಲಿಟ್ಟರೆ ಸಿಹಿ ಒಂದಿಷ್ಟು ಇಳಿಯುತ್ತದೆ, ಪೂರ್ತಿ ಅಲ್ಲ. ದರದ ಮಾತು: ಮಂಡಿ ಇವತ್ತಿಗೂ ಕೊಡುವುದು ಗಾತ್ರಕ್ಕೆ, ಹೊಳಪಿಗೆ. ಪಿಷ್ಟಕ್ಕೆ ಬೆಲೆ ಕಟ್ಟುವವರು ಕರಾರಿನ ಚಿಪ್ಸ್ ಕಂಪನಿಗಳು. ಅವರೊಂದಿಗೆ ಸಹಿ ಹಾಕುವ ಮೊದಲು ಒಣ ಅಂಶ ಎಷ್ಟಿರಬೇಕು, ಎಷ್ಟು ಗಾತ್ರದವರೆಗೆ ಒಪ್ಪುತ್ತಾರೆ, ತಿರಸ್ಕರಿಸಿದ ಲಾರಿಯ ಬಾಡಿಗೆ ಯಾರದ್ದು ಎಂಬುದನ್ನು ಬರಹದಲ್ಲೇ ಕೇಳಿ ತಿಳಿಯಿರಿ. ಅವರಾಚೆಗೂ ಕೊಳ್ಳುವವರಿದ್ದಾರೆ. ಪಲ್ಯಕ್ಕೆ, ಬೋಂಡಾಕ್ಕೆ ದಿನವೂ ಚೀಲಗಟ್ಟಲೆ ಬೇಯಿಸುವ ದರ್ಶಿನಿಗಳು, ಮದುವೆ ಅಡುಗೆಯ ಗುತ್ತಿಗೆದಾರರು, ಬೇಕರಿಯವರು, ಮನೆಯಲ್ಲೇ ಚಿಪ್ಸ್ ಮಾಡಿ ಮಾರುವ ಸಂಘಗಳು ಇವರಿಗೆ ನೀರು ಕಡಿಮೆಯಿರುವ ಗಡ್ಡೆಯಿಂದ ಎಣ್ಣೆ, ಗ್ಯಾಸು ಎರಡೂ ಉಳಿಯುತ್ತದೆ. ನಾಲ್ಕೈದು ಜನ ಬೆಳೆಗಾರರು ಸೇರಿ ಒಂದೇ ತಳಿಯನ್ನು, ಒಂದೇ ಹದಕ್ಕೆ ಬಲಿಸಿ, ತೂಗಿ ಬರೆದಿಟ್ಟ ಅಂಕಿಯೊಂದಿಗೆ ಮಾದರಿಯ ಚೀಲವನ್ನು ಅಂಥವರ ಅಡುಗೆಮನೆಗೆ ಕೊಟ್ಟು ನೋಡಿ. ಮೊದಲ ವರ್ಷ ಇದನ್ನು ಅರ್ಧ ಎಕರೆಗಿಂತ ಹೆಚ್ಚಿಗೆ ಮಾಡಬೇಡಿ, ಉಳಿದದ್ದರಲ್ಲಿ ಜ್ಯೋತಿಯೇ ಇರಲಿ.